ಜಡೆಗೆ ಹೋದ ಕೈ

ಕಾರ್ಖಾನೆಯಲ್ಲಿ ನನಗೆ ಭೂತಗನ್ನಡಿ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಕರೆಯುತ್ತಾರೆ. ಆದರೆ ಇನ್ನೂರು ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಬೆನ್ನ ಹಿಂದೆ ಆಡುವ ಮಾತನ್ನೂ ಗಂಟಲು ಹರಿಯುವ ಹಾಗೆ ಕೂಗಿಯೇ ಆಡಬೇಕು. ಹಾಗಾಗಿ ನನಗೆ ಕೇಳಿಸುತ್ತದೆ. ಬೇಜಾರಿಲ್ಲ.

ನಾನು ಚೆಕಿಂಗ್ ಮೇಜಿನವಳು. ಹೊಲಿದು ಬಂದ ಅಂಗಿಯನ್ನು ಮೊದಲು ಒಳಮೈ ಮೇಲಾಗುವಂತೆ ತಿರುವುತ್ತೇನೆ. ಹೊರಮೈ ಯಾವ ಅಂಗಿಯದಾದರೂ ಚೆನ್ನಾಗಿಯೇ ಇರುತ್ತದೆ. ಹೊಲಿಗೆ ಹಾರಿದ್ದು, ಹಾರಿದ್ದನ್ನು ಮುಚ್ಚಲು ಅದರ ಮೇಲೆ ಇನ್ನೊಂದು ಸಲ ಯಂತ್ರ ಓಡಿಸಿದ್ದು, ಇವೆಲ್ಲ ಒಳಗಿನಿಂದ ನೋಡಿದರೇ ಗೊತ್ತಾಗುವುದು. ತಪ್ಪು ಕಂಡ ಕಡೆ ಬಾಣದ ಆಕಾರದ ಕೆಂಪು ಸ್ಟಿಕ್ಕರ್ ಅಂಟಿಸಿ ಹೊಲಿದವರಿಗೇ ವಾಪಸು ಕಳಿಸುತ್ತೇನೆ. ಇದಕ್ಕೆ ಮಾತು ಬೇಕಿಲ್ಲ. ಎಂಟನೇ ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ನನ್ನ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಆ ವರ್ಷವೇ ಶಾಲೆ ಬಿಟ್ಟೆ. ಕೆಲವು ವರ್ಷ ಮನೆಯಲ್ಲಿದ್ದು ಆಮೇಲೆ ಸೇರಿದ ಈ ಕೆಲಸ ನನಗೆಂದೇ ಹೇಳಿ ಮಾಡಿಸಿದಂತಿದೆ.

ಮನೆಯಲ್ಲಿ ಮಾತಿಗೆ ಬರವೇನೂ ಇಲ್ಲ. ನನ್ನ ಪಾಲಿನದನ್ನೂ ಸೇರಿಸಿ ತಂಗಿ ಆಡುತ್ತಾಳೆ, ಅದೂ ಎರಡು ಭಾಷೆಯಲ್ಲಿ.

ಅವಳಿಗೆ ಹತ್ತು ವರ್ಷವಿದ್ದಾಗ ಕಾರ್ಖಾನೆಗೆ ಚೀನಾದಿಂದ ಹೊಸ ಯಂತ್ರಗಳು ಬಂದವು. ಅವನ್ನು ಕೂರಿಸಿ ನಡೆಸಿ ತೋರಿಸಲು ಒಬ್ಬ ಇಂಜಿನಿಯರ್ ಹೆಂಗಸೂ ಬಂದಳು. ನಮ್ಮ ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅವಳನ್ನು ಇಡೀ ಬೀದಿ ಯಂತ್ರದಕ್ಕ ಎನ್ನುತ್ತಿತ್ತು. ತಂಗಿ ಶಾಲೆಯಿಂದ ಬಂದವಳೇ ಚೀಲ ಎಸೆದು ಆ ಮಹಡಿ ಹತ್ತುತ್ತಿದ್ದಳು. ಯಂತ್ರದಕ್ಕ ಒಂಟಿ, ತಂಗಿ ವಾಚಾಳಿ. ಮೂರು ವರ್ಷದಲ್ಲಿ ನಮ್ಮ ಹುಡುಗಿ ಚೀನಿಯಲ್ಲಿ ಹರಟೆ ಹೊಡೆಯುವುದು, ಚೌಕಾಸಿ ಮಾಡುವುದು, ಬೈಯುವುದು ಎಲ್ಲ ಕಲಿತಳು. ಯಂತ್ರದಕ್ಕ ಊರಿಗೆ ಮರಳಿದ ಮೇಲೂ ಫೋನಿನಲ್ಲಿ ಇಬ್ಬರ ಪಟ್ಟಾಂಗ ನಿಲ್ಲಲಿಲ್ಲ. ಡಿಗ್ರಿ ಓದುತ್ತಲೇ ತಂಗಿ ಸಂಜೆ ತರಗತಿಗೆ ಹೋಗಿ ಚೀನಿ ಬರೆಯಲು ಕಲಿತಳು, ಪರೀಕ್ಷೆಗಳನ್ನೂ ಪಾಸು ಮಾಡಿದಳು. ಡ್ರೈವಿಂಗ್ ಸ್ಕೂಲು ನಡೆಸುವ ನಮ್ಮ ಸೋದರಮಾವ ಅವಳಿಗೆ ಗಿಳಿ ಎಂದು ಹೆಸರಿಟ್ಟರು.

ಅವಳಿಗೆ ಬೇಕಾದದ್ದು ಹರಟೆಯಲ್ಲ. ಇಬ್ಬರ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಂದು ತೊಟ್ಟೂ ಚೆಲ್ಲದ ಹಾಗೆ ದಾಟಿಸುವ ದುಭಾಷಿಯಾಗಬೇಕು. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ದೊಡ್ಡ ಸಭೆಗಳಲ್ಲಿ. ಅದಕ್ಕೆ ಚೀನಿಯಲ್ಲಿ ಉನ್ನತ ಪರಿಣತಿ ಕೊಡುವ ಕೋರ್ಸು ಮಾಡಬೇಕು. ಡಿಗ್ರಿ ಮುಗಿದ ವರ್ಷ ಅರ್ಜಿ ಹಾಕಿದಳು. ಎರಡು ವಿಶ್ವವಿದ್ಯಾಲಯಗಳಿಂದ ಸಂದರ್ಶನಕ್ಕೆ ಬನ್ನಿ ಎಂದು ಪತ್ರ ಬಂತು, ಒಂದು ಸೋಮವಾರ, ಇನ್ನೊಂದು ಬುಧವಾರ. ಶುಕ್ರವಾರ ಸಂಜೆ ನಾಲ್ಕರೊಳಗೆ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ನಮ್ಮ ಕಾರ್ಖಾನೆಯಲ್ಲೇ ಏಳನೇ ಸಾಲಿನಲ್ಲಿ ಹೊಲಿಯುವ ಅಮ್ಮನಿಗೆ ರಜೆ ಸಿಗಲಿಲ್ಲ. ಜೊತೆಗೆ ನಾನು ಹೊರಟೆ.

ಅವಳ ಬಗ್ಗೆ ನನಗೊಂದು ಸಂಗತಿ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವಳಿಗೂ.

ಬಾರದ್ದು ಎದುರಾದಾಗ ಅವಳ ಬಲಗೈ ಜಡೆಯ ತುದಿಗೆ ಹೋಗುತ್ತದೆ. ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿ ಬಿಡುತ್ತಾಳೆ. ಅಷ್ಟರಲ್ಲಿ ಬಾರದ್ದನ್ನು ಹಾರಿಕೊಂಡು ನಗುತ್ತಾ ಮುಂದಕ್ಕೆ ಹೋಗಿರುತ್ತಾಳೆ. ಚಿಕ್ಕವಳಿದ್ದಾಗ ಹದಿನೇಳರ ಮಗ್ಗಿ ಒಪ್ಪಿಸುವಾಗಲೂ ಹೀಗೇ. ನೂರ ಎರಡರಿಂದ ನೇರ ನೂರ ಮೂವತ್ತಾರಕ್ಕೆ ಜಿಗಿಯುತ್ತಿದ್ದಳು, ಕೇಳುತ್ತಿದ್ದ ಅಮ್ಮ ಶಭಾಷ್ ಎನ್ನುತ್ತಿದ್ದರು. ನಡುವೆ ಬಿದ್ದುಹೋದ ನೂರ ಹತ್ತೊಂಬತ್ತನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಅರ್ಜಿ ಹಾಕುವುದಕ್ಕೆ ಮೂರು ವರ್ಷ ಮೊದಲು ಹೀಗಾಯಿತು. ಕಾರ್ಖಾನೆಗೆ ಕಾಲರ್ ಯಂತ್ರ ಬಂತು. ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆಯನ್ನು ಬಿಸಿ ಒತ್ತಿ ಅಂಟಿಸುವ ಯಂತ್ರ ಅದು. ಹೇಳಿಕೊಡಲು ಬಂದ ಮೆಕ್ಯಾನಿಕ್ಕಿಗೆ ಚೀನಿ ಬಿಟ್ಟು ಬೇರೇನೂ ಬಾರದು. ಮ್ಯಾನೇಜರು ತಂಗಿಯನ್ನು ಕರೆಸಿದರು. ಹತ್ತೊಂಬತ್ತರ ಹುಡುಗಿ ಇಡೀ ಹಜಾರದ ಮುಂದೆ ನಿಂತು ಅವನ ಮಾತನ್ನು ನಮ್ಮ ಮಾತಿಗೆ ತಿರುಗಿಸುತ್ತಾ ಹೋದಳು. ಅಮ್ಮನ ಎದೆ ಉಬ್ಬಿದ್ದು ಏಳನೇ ಸಾಲಿನಿಂದ ನನ್ನ ಮೇಜಿನವರೆಗೂ ಕಾಣುತ್ತಿತ್ತು. ಕೊನೆಗೆ ಮೆಕ್ಯಾನಿಕ್ ಒಂದು ಉದ್ದನೆಯ ಮಾತು ಹೇಳಿದ. ತಂಗಿಯ ಕೈ ಜಡೆಗೆ ಹೋಯಿತು. ‘ಅಷ್ಟೇ, ಆಮೇಲೆ ತೆಗೆದು ಹೊಲಿಯೋದು’ ಎಂದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವನು ಹೇಳಿದ್ದು, ಕಾಲರು ಪೂರ್ತಿ ಆರುವವರೆಗೆ ಮುಟ್ಟಬೇಡಿ, ಬಿಸಿಯಲ್ಲಿ ಮಡಚಿದರೆ ಅಂಟು ಬಿಡುತ್ತದೆ ಎಂದು. ಬಿಸಿಯಲ್ಲಿ ಮಡಚಬಾರದೆಂದು ಕಾರ್ಖಾನೆಗೆ ಗೊತ್ತಾದದ್ದು ಒಂದು ತಿಂಗಳ ನಂತರ, ಅಂಗಿಗಳು ಒಂದೇ ಒಗೆತಕ್ಕೆ ಕತ್ತಿನ ಬಳಿ ಬೊಬ್ಬೆ ಎದ್ದು ವಾಪಸು ಬಂದಾಗ. ಅವನು ಅದನ್ನು ಅಂದೇ ಹೇಳಿದ್ದನೆಂದು ಜಡೆಗೆ ಹೋದ ಕೈ ನೋಡಿದ್ದ ನಾನು ಮಾತ್ರ ಊಹಿಸಿದೆ. ಸೂಪರ್‌ವೈಸರನ ಬೈಗುಳ ತಿಂದದ್ದು ಕಾಲರು ಕೂರಿಸಿದ ಏಳನೇ ಸಾಲು. ಅಮ್ಮ ಹದಿನೈದು ದಿನ ಕಾಲರ್ ಬಿಚ್ಚಿ ಮತ್ತೆ ಹೊಲಿದರು. ಆ ದಿನಗಳಲ್ಲಿ ತಂಗಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನಾನು ಏನೂ ಕೇಳಲಿಲ್ಲ. ಸ್ಟಿಕ್ಕರ್ ಅಂಟಿಸುವುದೇ ನನ್ನ ಕೆಲಸ, ಆದರೆ ಮನೆಯವರಿಗೆ ಅಂಟಿಸಲು ಕೈ ಬರಲಿಲ್ಲ.

ಸೋಮವಾರದ ವಿಶ್ವವಿದ್ಯಾಲಯ ಪೂರಾ ಗಾಜು. ಬಾಗಿಲು ತಳ್ಳಲು ಕೈ ಚಾಚಿದೆ, ಅದು ತಾನೇ ತೆರೆದುಕೊಂಡಿತು. ಚಾಚಿದ ಕೈ ಗಾಳಿಯಲ್ಲಿ ಉಳಿಯಿತು. ತಂಗಿ ಕಿಸಕ್ಕೆಂದಳು.

“ಅಕ್ಕ, ಅದಕ್ಕೇನು ಟಾಟಾ ಮಾಡ್ತಿದೀಯಾ?”

“ಸುಮ್ನಿರೇ.”

ಒಳಗೆ ಕಾಲಿಟ್ಟರೆ ಮುಖ ಕಾಣುವ ನೆಲ. ಗೋಡೆಯ ತುಂಬ ಚೀನಾದ ಊರುಗಳಲ್ಲಿ ನಿಂತು ನಗುವ ವಿದ್ಯಾರ್ಥಿಗಳ ಫೋಟೋಗಳು. ಸ್ವಾಗತದ ಹುಡುಗಿ ಇಬ್ಬರಿಗೂ ಒಂದೊಂದು ಬಟ್ಟೆಯ ಚೀಲ ಕೊಟ್ಟಳು, ಒಳಗೆ ಪೆನ್ನು, ಬಣ್ಣದ ಪುಸ್ತಕ. ಚೀಲದ ಹಿಡಿಯನ್ನು ತಿರುವಿ ನೋಡಿದೆ. ಹೊಲಿಗೆ ಒಂದೇ ಸಾಲು. ವಾರದಲ್ಲಿ ಕೀಳುತ್ತದೆ. ಆದರೆ ಚೀಲ ನೋಡಿ ಕಾಲೇಜು ಅಳೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಸಂದರ್ಶನದ ಕೋಣೆಗೂ ಗಾಜಿನ ಗೋಡೆ. ನನ್ನನ್ನು ಹೊರಗಿನ ಸೋಫಾದಲ್ಲಿ ಕೂರಿಸಿದರು. ಒಳಗಿನ ಮಾತು ಒಂದೂ ಕೇಳುತ್ತಿರಲಿಲ್ಲ, ಕಾಣುವುದೆಲ್ಲ ಕಾಣುತ್ತಿತ್ತು. ನನಗೆ ಅಷ್ಟು ಸಾಕು. ತಂಗಿಯ ಎದುರು ಮೂವರು: ಟೈ ಕಟ್ಟಿದ ಮುಖ್ಯಸ್ಥರು, ಕಾಗದದ ಮೇಲೆ ಟಿಕ್ಕು ಹಾಕುತ್ತಿದ್ದ ಒಬ್ಬರು, ಚೀನಾದಿಂದ ಬಂದಿದ್ದ ಒಬ್ಬ ಎಳೆಯ ಮೇಷ್ಟ್ರು. ತಂಗಿ ಮಾತಾಡುತ್ತಿದ್ದಳು, ಕೈ ಆಡಿಸುತ್ತಿದ್ದಳು, ನಗಿಸುತ್ತಿದ್ದಳು. ಎಷ್ಟು ಚೆಂದ ಕಾಣುತ್ತಿದ್ದಳು! ಇವಳು ನನ್ನ ತಂಗಿ ಎಂದು ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ ಹೇಳಬೇಕೆನಿಸಿತು. ಹೇಳಲಿಲ್ಲ.

ಆಗ ಅವಳ ಕೈ ಜಡೆಗೆ ಹೋಯಿತು.

ನಾನು ಎಣಿಸತೊಡಗಿದೆ. ಅಭ್ಯಾಸಬಲ. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ. ಒಂದೊಂದು ಸಲವೂ ಮೂವರ ಮುಖ ನೋಡಿದೆ. ಟೈ ಕಟ್ಟಿದವರು ತಲೆದೂಗಿದರು. ಟಿಕ್ಕಿನವರು ಟಿಕ್ಕು ಹಾಕಿದರು. ನಾಲ್ಕನೇ ಸಲ ಮಾತ್ರ ಚೀನಾದ ಮೇಷ್ಟ್ರ ಒಂದು ಹುಬ್ಬು ಚೂರು ಮೇಲೆದ್ದಿತು. ಅವರು ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ನಗುತ್ತಿದ್ದರು. ಹುಬ್ಬು ಮೆಲ್ಲಗೆ ಇಳಿಯಿತು.

ಹೊರಗೆ ಬಂದವರೇ ಮುಖ್ಯಸ್ಥರು ನನಗೆ ಕೈ ಮುಗಿದರು.

“ನಿಮ್ಮ ತಂಗಿ ಒಳ್ಳೇ ರತ್ನ. ಇವರಿಗೆ ಮೊದಲನೇ ವರ್ಷ ಬೇಡವೇ ಬೇಡ. ನೇರ ಎರಡನೇ ವರ್ಷಕ್ಕೆ ತಗೊಳ್ತೀವಿ. ಒಂದೇ ವರ್ಷದಲ್ಲಿ ಪದವಿ ಕೈಯಲ್ಲಿ!”

ಬಸ್ಸಿನಲ್ಲಿ ತಂಗಿ ಕೂತಲ್ಲಿ ಕೂರಲಿಲ್ಲ. “ಒಂದೇ ವರ್ಷ ಕಣೇ ಅಕ್ಕ! ಒಂದೂ ತಪ್ಪು ಹೇಳ್ಲಿಲ್ಲ ಅವ್ರು, ಗೊತ್ತಾ?”

“ಗೊತ್ತು,” ಎಂದೆ. ಅದೇ ನನ್ನನ್ನು ಕೊರೆಯುತ್ತಿತ್ತು.

ಬುಧವಾರದ್ದು ಹಳೆಯ ಕಟ್ಟಡ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂದು ಬರೆದ ರಟ್ಟು ನೇತುಹಾಕಿದ್ದರು. ರಟ್ಟಿನ ಮೇಲೆ ಕೂತಿದ್ದ ಧೂಳು ನೋಡಿದರೆ ಅದು ಕೆಟ್ಟು ಎಷ್ಟು ಕಾಲವಾಯಿತೆಂದು ಹೇಳಬಹುದಿತ್ತು. ಮೂರು ಮಹಡಿ ಹತ್ತಿದೆವು. ತಂಗಿ ಮೆಟ್ಟಿಲಿಗೊಂದು ಗೊಣಗು ಗೊಣಗಿದಳು.

“ಇದನ್ನ ನೋಡೋದೇ ಬೇಡಿತ್ತು. ಬಂದಿದ್ದಕ್ಕೆ ಮುಖ ತೋರ್ಸಿ ಹೋಗೋಣ, ಅಷ್ಟೇ.”

ಮೇಲಿನ ಓಣಿಯಲ್ಲಿ ಸೀಮೆಸುಣ್ಣದ, ಹಳೇ ಕಾಗದದ ವಾಸನೆ. ಗೋಡೆಯ ಹಲಗೆಗೆ ವಿದ್ಯಾರ್ಥಿಗಳ ಹಾಳೆಗಳನ್ನು ಚುಚ್ಚಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಆ ಅಕ್ಷರ ನನಗೆ ಒಂದೂ ಬಾರದು, ಆದರೆ ಕೆಂಪು ಗುರುತು ಎಂದರೇನೆಂದು ಬರುತ್ತದೆ. ಪ್ರತಿ ಹಾಳೆಯ ಮೇಲೂ ಕೆಂಪು. ಅದರ ಕೆಳಗೆ ಅದೇ ಕೈ ತಿದ್ದಿ ಬರೆದ ಇನ್ನೊಂದು ಹಾಳೆ, ಅದರಲ್ಲಿ ಕೆಂಪು ಕಡಿಮೆ. ಅದರ ಕೆಳಗೆ ಮೂರನೆಯದು, ಅದರಲ್ಲಿ ಇಲ್ಲ. ಬೇರೆಯವರಾದರೆ ಮೂರನೆಯದನ್ನು ಮಾತ್ರ ಗೋಡೆಗೆ ಹಾಕುತ್ತಿದ್ದರು. ಇವರು ಮೂರನ್ನೂ ಹಾಕಿದ್ದರು. ಇಡೀ ವಿಭಾಗವೇ ತನ್ನ ಒಳಮೈಯನ್ನು ತಿರುವಿ ಗೋಡೆಗೆ ತೂಗುಹಾಕಿದ ಹಾಗಿತ್ತು.

“ಅಕ್ಕಾನಾ? ಒಳಗೆ ಬನ್ನಿ. ಹೊರಗಿನ ಬೆಂಚು ನಂಬೋ ಹಾಗಿಲ್ಲ,” ಎಂಬ ಧ್ವನಿ ಬಂತು. ಗಿಡ್ಡ ಹೆಂಗಸು, ಅರ್ಧ ನರೆತ ತಲೆ, ಗಂಟಿನಲ್ಲಿ ಸಿಕ್ಕಿಸಿದ ಪೆನ್ಸಿಲ್. ಅವರೇ ಅಲ್ಲಿನ ಮೇಡಂ. ನಾನು ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತೆ.

ಮೇಡಂ ಚೀನಿಯಲ್ಲಿ ಒಂದಷ್ಟು ಹೇಳುವುದು, ತಂಗಿ ಅದನ್ನು ನಮ್ಮ ಮಾತಿನಲ್ಲಿ ಹೇಳುವುದು. ಹೀಗೆ ಶುರುವಾಯಿತು. ಎರಡು ನಿಮಿಷ ತಂಗಿ ನೀರು ಹರಿದಂತೆ ಹೇಳಿದಳು. ಮೂರನೇ ನಿಮಿಷಕ್ಕೆ ಕೈ ಜಡೆಗೆ ಹೋಯಿತು.

ಟಕ್.

ಮೇಡಂ ಪೆನ್ಸಿಲಿನಿಂದ ಮೇಜು ತಟ್ಟಿದ್ದರು. “ಇಲ್ಲಿ ಏನೋ ನುಂಗಿದ್ರಿ.”

ತಂಗಿ ನಕ್ಕಳು. “ಇಲ್ಲ ಮೇಡಂ, ಅದರ ಅರ್ಥ ಅಷ್ಟೇ...”

“ಅಷ್ಟೇ ಅಲ್ಲ. ಇನ್ನೊಂದ್ಸಲ ಹೇಳ್ತೀನಿ, ಕೇಳಿ.”

ಮತ್ತೆ ಮುಂದುವರಿಯಿತು. ಕೈ ಜಡೆಗೆ. ಟಕ್. ಮತ್ತೆ ಕೈ ಜಡೆಗೆ, ಮತ್ತೆ ಟಕ್. ಒಂದು ಸಲವೂ ತಪ್ಪಲಿಲ್ಲ. ನಾನು ಕಣ್ಣಿನಿಂದ ಹಿಡಿದದ್ದನ್ನು ಅವರು ಕಿವಿಯಿಂದ ಹಿಡಿಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ತಂಗಿಯನ್ನು ನನ್ನಷ್ಟೇ ಸರಿಯಾಗಿ ನೋಡುವ ಇನ್ನೊಬ್ಬರು ಸಿಕ್ಕಿದ್ದರು. ನನ್ನ ಕಣ್ಣು ಯಾಕೋ ತುಂಬಿ ಬಂತು. ತಂಗಿಯ ಕಿವಿ ಮಾತ್ರ ಕೆಂಡವಾಗಿತ್ತು.

ಕೊನೆಗೆ ಮೇಡಂ ಪೆನ್ಸಿಲನ್ನು ಮತ್ತೆ ತಲೆಗೆ ಸಿಕ್ಕಿಸಿದರು.

“ಯಾರ ಹತ್ರ ಕಲಿತದ್ದು?”

“ಯಂತ್ರ ರಿಪೇರಿ ಮಾಡೋ ಒಬ್ಬ ಅಕ್ಕನ ಹತ್ರ,” ಎಂದಳು ತಂಗಿ, ನೆಲ ನೋಡುತ್ತಾ.

“ಅದಕ್ಕೇ ನಾಲಗೆ ಇಷ್ಟು ಸಲೀಸು. ಪುಸ್ತಕ ಹಿಡಿದು ಕಲಿತೋರಿಗೆ ತಲೆ ಕೆಳಗಾದ್ರೂ ಇದು ಬರಲ್ಲ, ನನಗೂ ಬಂದಿಲ್ಲ. ಆದ್ರೆ ಹಳ್ಳ ಸಿಕ್ಕಿದ ಕಡೆ ಹಾರ್ತೀರಿ. ಇಳಿದು ದಾಟೋದು ಕಲೀಬೇಕು. ಒಂದು ವರ್ಷ ತಳಪಾಯದ ತರಗತಿ, ಆಮೇಲೆ ಎರಡು ವರ್ಷ. ಒಟ್ಟು ಮೂರು. ಒಪ್ಪಿಗೆ ಇದ್ರೆ ನಿಮ್ಮ ಸೀಟು ಇದೆ.”

ತಂಗಿ ಸರಸರನೆ ಚೀಲ ಎತ್ತಿಕೊಂಡು ಹೊರಗೆ ನಡೆದಳು. ನಾನು ಏಳುವಷ್ಟರಲ್ಲಿ ಮೇಡಂ ಮೆಲುದನಿಯಲ್ಲಿ ಕೇಳಿದರು.

“ನಾನು ಟಕ್ ಅಂದಾಗೆಲ್ಲ ನೀವು ತಲೆ ಆಡಿಸ್ತಿದ್ರಿ. ನಿಮಗೂ ಚೀನಿ ಬರುತ್ತಾ?”

“ಇಲ್ಲ.”

“ಏನು ಓದಿದೀರಿ?”

“ಎಂಟನೇ ಕ್ಲಾಸು. ಗಾರ್ಮೆಂಟ್ಸಲ್ಲಿ ಚೆಕಿಂಗ್ ಮಾಡ್ತೀನಿ.”

“ಓಹೋ,” ಎಂದು ನಕ್ಕರು. “ಹಾಗಾದ್ರೆ ಇಬ್ಬರದೂ ಒಂದೇ ಕಸುಬು.”

ಮೂರು ಮಹಡಿ ಇಳಿಯುವವರೆಗೂ ಆ ಮಾತು ನನ್ನ ಬೆನ್ನ ಮೇಲೆ ಕೈಯಿಟ್ಟ ಹಾಗಿತ್ತು.

ಗುರುವಾರ ಸಂಜೆ ಮನೆಯಲ್ಲಿ ಪಂಚಾಯಿತಿ. ಅಮ್ಮ ಕಾರ್ಖಾನೆಯಿಂದ ಬಂದು ಕಾಲು ಚಾಚಿ ಕೂತಿದ್ದರು. ಮಾವ ಕಾರಿನ ಕೀಲಿ ಬೆರಳಿಗೆ ಸುತ್ತುತ್ತಾ ಗಾಜಿನ ಕಾಲೇಜಿನ ಪುಸ್ತಕ ತಿರುವಿಹಾಕುತ್ತಿದ್ದರು.

“ಇದರಲ್ಲಿ ಯೋಚ್ನೆ ಮಾಡೋದು ಏನಿದೆ? ಇವರು ನಮ್ಮ ಗಿಳೀನ ನೇರ ಟಾಪ್ ಗೇರಿಗೆ ಹಾಕ್ತಾರಂತೆ. ಅಲ್ಲಿ ನೋಡಿದ್ರೆ ಮೊದಲನೇ ಗೇರಿಂದ ಮೂರು ವರ್ಷ ಉರುಳ್ಸಬೇಕು. ಲಿಫ್ಟು ಬೇರೆ ಇಲ್ಲ!”

“ಲಿಫ್ಟ್ ಹೋಗ್ಲಿ ಮಾವ, ಆ ಮುದುಕಿ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದ್ಲು,” ಎಂದಳು ತಂಗಿ. “ಮಾತು ಮಾತಿಗೂ ಟಕ್, ಟಕ್. ಮರಕುಟಿಗ!”

ಅಮ್ಮ ನನ್ನ ಕಡೆ ತಿರುಗಿದರು. “ನೀನೇನಂತೀಯೇ? ಎರಡನ್ನೂ ನೋಡಿದೋಳು ನೀನು.”

ಮೂವರೂ ನನ್ನನ್ನೇ ನೋಡಿದರು. ನಾಲಗೆ ಹಳೆಯ ಜಾಗಕ್ಕೆ ಹೋಗಿ ಅಂಟಿಕೊಂಡಿತು. ಹೇಳಬೇಕೆಂದರೆ ಜಡೆಯ ವಿಷಯ ಹೇಳಬೇಕು. ಜಡೆಯ ವಿಷಯ ಹೇಳಿದರೆ ಕಾಲರಿನ ವಿಷಯ ಹೊರಗೆ ಬರುತ್ತದೆ. “ನಾಳೆ ಹೇಳ್ತೀನಿ,” ಎಂದೆ.

“ಭೂತಗನ್ನಡಿಗೆ ಫೋಕಸ್ ಆಗೋಕೆ ಟೈಮ್ ಬೇಕಂತೆ,” ಎಂದರು ಮಾವ. ತಂಗಿ ಜೋರಾಗಿ ನಕ್ಕಳು. ನಗುವಾಗ ಕೈ ಜಡೆಗೆ ಹೋಗಿತ್ತು. ಹಾಗಾದರೆ ಅವಳಿಗೂ ಏನೋ ತಿಳಿಯದೆ ಉಳಿದಿದೆ ಎಂದುಕೊಂಡೆ.

ಶುಕ್ರವಾರ ನಾನು ರಜೆ ಹಾಕಿದೆ. ಹನ್ನೊಂದರ ಹೊತ್ತಿಗೆ ಇಬ್ಬರೂ ತಾರಸಿಯ ಮೇಲೆ ಒಗೆದ ಬಟ್ಟೆ ಒಣಹಾಕುತ್ತಿದ್ದೆವು. ನಡುವೆ ಒಂದು ದೊಡ್ಡ ಹೊದಿಕೆ ನೇತಾಡುತ್ತಿತ್ತು. ಅವಳ ಮುಖ ಕಾಣುತ್ತಿರಲಿಲ್ಲ, ನನ್ನದೂ ಅವಳಿಗೆ ಕಾಣುತ್ತಿರಲಿಲ್ಲ. ಅದರಿಂದಲೇ ನನಗೆ ಮಾತು ಬಂತು.

“ಗಾಜಿನ ಕಾಲೇಜಲ್ಲಿ ನೀನು ಹನ್ನೊಂದು ಸಲ ಹಾರಿದೆ.”

“ಏನು?”

“ಬಾರದೆ ಇದ್ದಾಗ ನಿನ್ನ ಕೈ ಜಡೆಗೆ ಹೋಗುತ್ತೆ. ಹನ್ನೊಂದು ಸಲ ಹೋಯ್ತು. ಅಲ್ಲಿ ಯಾರೂ ನಿನ್ನ ನಿಲ್ಲಿಸ್ಲಿಲ್ಲ. ಒಬ್ಬರಿಗೆ ಗೊತ್ತಾಯ್ತು, ಅವರೂ ಸುಮ್ನಾದ್ರು. ಆ ಮೇಡಂ ಒಂದನ್ನೂ ಬಿಡ್ಲಿಲ್ಲ.”

ಹೊದಿಕೆಯ ಆಚೆ ಬಟ್ಟೆ ಕೊಡವುವ ಸದ್ದು ನಿಂತಿತು.

“ಯಾವಾಗಿಂದ ಗೊತ್ತು ನಿನಗೆ ಇದು?”

“ಹದಿನೇಳರ ಮಗ್ಗಿಯಿಂದ.”

 ಆಮೇಲೆ ಅವಳು ತುಂಬ ಸಣ್ಣ ದನಿಯಲ್ಲಿ ಕೇಳಿದಳು. “ಹಾಗಾದ್ರೆ ಕಾಲರು?”

“ಅದೂ ಗೊತ್ತಿತ್ತು. ಆವತ್ತು ನಾನು ಕೈ ಎತ್ತಿ ‘ಅವನನ್ನ ಇನ್ನೊಂದ್ಸಲ ಕೇಳು’ ಅನ್ನಬೇಕಿತ್ತು. ಅನ್ಲಿಲ್ಲ. ಅದರಲ್ಲಿ ಅರ್ಧ ತಪ್ಪು ನಂದು.”

ಅವಳು ಹೊದಿಕೆ ಸರಿಸಿದಳು. ಮುಖ ಕೆಂಪಾಗಿತ್ತು, ಸಿಟ್ಟೋ ಅಳುವೋ ತಿಳಿಯಲಿಲ್ಲ.

“ಮೂರು ವರ್ಷ ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲೇ! ನಾನೊಬ್ಬಳೇ ಹೊಟ್ಟೇಲಿಟ್ಕೊಂಡು ಸಾಯ್ತಿದ್ದೆ.”

“ನಾನೂ ಹೊಟ್ಟೇಲೇ ಇಟ್ಕೊಂಡಿದ್ದೆ.”

“ದುಭಾಷಿ ಆಗ್ಬೇಕು ಅಂತ ನನಗ್ಯಾಕೆ ಅನ್ನಿಸ್ತು ಗೊತ್ತಾ? ಆ ಕಾಲರು ಬಿಚ್ಚೋ ಅಮ್ಮನ ಬೆರಳು ನೋಡಿ ನೋಡಿ. ಇನ್ನೊಂದ್ಸಲ ಹಾಗಾಗಬಾರದು ಅಂತ.” ಮೂಗು ಒರೆಸಿಕೊಂಡಳು. “ಆದ್ರೆ ಎಲ್ಲರ ಮುಂದೆ ‘ಬರಲ್ಲ’ ಅನ್ನೋಕೆ ಬಾಯಿ ಬರಲ್ಲ ಕಣೇ. ಎಲ್ಲರೂ ಗಿಳಿ ಗಿಳಿ ಅಂತ ನನ್ನೇ ನೋಡ್ತಿರ್ತಾರೆ.”

“ನಮ್ಮ ಹಳೇ ಚೆಕಿಂಗಮ್ಮ ನೆನಪಿದಾರಾ?” ಎಂದೆ. ಅಷ್ಟು ಉದ್ದ ಮಾತಾಡುತ್ತಿರುವುದು ನಾನೇನಾ ಎಂದು ನನಗೇ ಅನುಮಾನ. “ಎಲ್ಲ ಅಂಗೀನೂ ಪಾಸ್ ಮಾಡ್ತಿದ್ರು. ಇಡೀ ಕಾರ್ಖಾನೆಗೆ ಅವರಂದ್ರೆ ಪ್ರಾಣ. ಅವರಿದ್ದ ವರ್ಷ ವಾಪಸು ಬಂದಷ್ಟು ಮಾಲು ಯಾವತ್ತೂ ಬಂದಿಲ್ಲ. ನನ್ನ ಕಂಡ್ರೆ ಯಾರಿಗೂ ಆಗಲ್ಲ. ಆದ್ರೆ ಒಳ್ಳೇ ಹೊಲಿಯೋರು ಮಾತ್ರ ತಮ್ಮ ಅಂಗೀನ ನನ್ನ ಮೇಜಿಗೇ ತಂದಿಡ್ತಾರೆ.”

ತಂಗಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ತುಂಬ ಹೊತ್ತು ಎದುರುಮನೆಯ ಮಹಡಿ ನೋಡುತ್ತಿದ್ದಳು. ಕೈ ಜಡೆಗೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ತಾನೇ ನೋಡಿಕೊಂಡಳು, ಹಾವು ಕಂಡವಳಂತೆ. ಇಬ್ಬರಿಗೂ ಒಟ್ಟಿಗೆ ನಗು ಬಂತು.

ಅಮ್ಮ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬಂದರು. ತಂಗಿ ಅವರ ಎದುರು ನಿಂತು, ಒಂದು ಮಾತೂ ಹಾರಿಸದೆ, ಕಾಲರಿನ ಕಥೆ ಹೇಳಿದಳು. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಅಮ್ಮ ಬಾಯಿ ತೆರೆದು ಕೇಳಿದರು. ಆಮೇಲೆ ಪಕ್ಕದಲ್ಲಿದ್ದ ದಿಂಬನ್ನು ಎತ್ತಿ ಅವಳ ಮೇಲೆ ಎಸೆದರು.

“ಹದಿನೈದು ದಿನ ಕಣೇ! ಹದಿನೈದು ದಿನ ಆ ಸೂಪರ್‌ವೈಸರ್ ವಂಶಕ್ಕೆಲ್ಲ ಶಾಪ ಹಾಕಿದೀನಿ ನಾನು! ಪಾಪ, ಅವನಿಗೆ ಹೋದ ವರ್ಷ ಸೊಂಟ ಬೇರೆ ಹಿಡಿದಿತ್ತು!”

“ಅಮ್ಮ, ಅದಕ್ಕೂ ಶಾಪಕ್ಕೂ...”

“ಬಾಯ್ಮುಚ್ಚು.” ಆಮೇಲೆ ಅವಳನ್ನು ಹತ್ತಿರ ಎಳೆದುಕೊಂಡರು. “ಇಷ್ಟು ದಿನಕ್ಕೆ ಒಂದು ಪೂರ್ತಿ ಮಾತು ಆಡಿದೆ. ಇವತ್ತು ಆಡಿದ್ದೇ ಚೆನ್ನಾಗಿತ್ತು.”

ಮೂರು ಗಂಟೆಗೆ ಮಾವ ಬಂದರು. ತಂಗಿ ಹಳೇ ಕಟ್ಟಡಕ್ಕೆ ಹೋಗುತ್ತಾಳೆ ಎಂದು ಕೇಳಿ ಹೌಹಾರಿದರು.

“ತಲೆ ಕೆಟ್ಟಿದೆಯಾ ಎಲ್ಲರಿಗೂ? ಒಂದು ವರ್ಷದಲ್ಲಿ ಮುಗಿಯೋದಕ್ಕೆ ಮೂರು ವರ್ಷ!”

ನಾನು ಮತ್ತೆ ಬಾಯಿ ತೆರೆದೆ. ಒಂದೇ ದಿನದಲ್ಲಿ ಎರಡನೇ ಸಲ. “ಮಾವ, ಊರಲ್ಲೆಲ್ಲ ಬೇಗ ಲೈಸೆನ್ಸ್ ಕೊಡಿಸೋ ಸ್ಕೂಲುಗಳಿವೆ. ಆದ್ರೂ ಜನ ನಿಮ್ಮ ಹತ್ರಾನೇ ಯಾಕೆ ಬರ್ತಾರೆ?”

“ಯಾಕಂದ್ರೆ ನಾನು ಒಂದು ತಿಂಗಳು ಮೈದಾನದಲ್ಲಿ ರಿವರ್ಸ್ ಹೊಡೆಸದೆ ಯಾರನ್ನೂ ರಸ್ತೆಗೆ...” ಮಾವನ ಮಾತು ಅಲ್ಲೇ ನಿಂತಿತು. ಕೀಲಿ ಸುತ್ತುವುದೂ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅಮ್ಮನಿಗೆ ಹೇಳಿದರು, “ಅಕ್ಕ, ಇವಳು ಮಾತಾಡದೆ ಇದ್ದಾಗಲೇ ವಾಸಿ ಇತ್ತು.”

ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿದ್ದಾಗ ತಂಗಿ ಮೇಡಂಗೆ ಫೋನು ಮಾಡಿ ಒಪ್ಪಿಗೆ ಹೇಳಿದಳು. ಇಟ್ಟ ಮೇಲೆ ನನ್ನ ಕಡೆ ತಿರುಗಿದಳು.

“ನಿನ್ನನ್ನೂ ವಿಚಾರಿಸಿದ್ರು. ‘ಚೆಕಿಂಗ್ ಅಕ್ಕ ಒಪ್ಪಿದ್ರಾ’ ಅಂತ.”

ಅವಳು ಹೊರಡುವ ದಿನ ಅವಳ ಚೀಲದಲ್ಲಿ ಕೆಂಪು ಬಾಣದ ಸ್ಟಿಕ್ಕರಿನ ಒಂದು ಸುರುಳಿ ಇಟ್ಟೆ. ನಾಲ್ಕು ತಿಂಗಳಿಗೆ ಇನ್ನೊಂದು ಕಳಿಸು ಎಂದಳು. ರಜೆಗೆ ಬಂದಾಗ ಅವಳ ನೋಟುಪುಸ್ತಕ ತಿರುವಿ ನೋಡಿದೆ. ಪುಟ ಪುಟಕ್ಕೂ ಬಾಣ. ಎರಡನೇ ವರ್ಷ ಬಾಣಗಳು ವಿರಳವಾದವು.

ಮೊನ್ನೆ ಕಾರ್ಖಾನೆಗೆ ಮತ್ತೊಂದು ಹೊಸ ಯಂತ್ರ ಬಂತು. ತೋಳಿನ ಪಟ್ಟಿ ಕೂರಿಸುವ ಯಂತ್ರ, ನಮ್ಮ ಹಳೆಯವಕ್ಕಿಂತ ಮೂರು ಪಟ್ಟು ವೇಗ. ಜೊತೆಗೆ ಬಂದ ಇಂಜಿನಿಯರು ಗಡಿಬಿಡಿಯ ಮನುಷ್ಯ. ಈಗ ಮೂರನೇ ವರ್ಷದಲ್ಲಿರುವ ತಂಗಿಯನ್ನು ಮ್ಯಾನೇಜರೇ ಪತ್ರ ಬರೆದು ಕರೆಸಿದರು. ಅದೇ ಹಜಾರ, ಅದೇ ಜನ. ಅಮ್ಮ ಏಳನೇ ಸಾಲಿನಲ್ಲಿ ಯಂತ್ರ ನಿಲ್ಲಿಸಿ ಎದ್ದು ನಿಂತಿದ್ದರು. ನಾನು ನನ್ನ ಮೇಜಿನ ಹಿಂದೆ.

ಇಂಜಿನಿಯರು ಹೇಳುತ್ತಾ ಹೋದ, ಇವಳು ದಾಟಿಸುತ್ತಾ ಹೋದಳು. ಮೊದಲಿನಂತೆ ಓಡುತ್ತಿರಲಿಲ್ಲ. ನಡೆಯುತ್ತಿದ್ದಳು, ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಊರಿ. ಅರ್ಧ ಗಂಟೆ ಕಳೆದಿತ್ತು. ಅವನು ಯಂತ್ರದ ಸೂಜಿಯ ಕೆಳಗೆ ಬೆರಳು ತೋರಿಸಿ ಗಡಗಡನೆ ಏನೋ ಹೇಳಿದ. ತಂಗಿಯ ಬಲಗೈ ಮೇಲೆದ್ದಿತು.

ನಾನು ಕೈಯಲ್ಲಿದ್ದ ಅಂಗಿಯನ್ನು ಮೇಜಿನ ಮೇಲಿಟ್ಟೆ.

ಕೈ ಜಡೆಗೆ ಹೋಗಲಿಲ್ಲ. ನೇರ ಮೇಲಕ್ಕೆ ಹೋಯಿತು, ತರಗತಿಯಲ್ಲಿ ಕೈ ಎತ್ತುವ ಹಾಗೆ.

“ಒಂದು ನಿಮಿಷ ನಿಲ್ಲಿ,” ಎಂದಳು ಎಲ್ಲರಿಗೂ ಕೇಳುವಂತೆ. “ಇವರು ಈಗ ಹೇಳಿದ್ದರಲ್ಲಿ ಒಂದು ನನಗೆ ಗೊತ್ತಿಲ್ಲ. ಕೇಳಿ ತಿಳ್ಕೊಂಡು ಹೇಳ್ತೀನಿ.”

ಮ್ಯಾನೇಜರು ಗಡಿಯಾರ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ “ಗಿಳಿಗೂ ಗೊತ್ತಿಲ್ವಂತೆ” ಎಂದರು. ಅವಳು ತಿರುಗಿಯೂ ನೋಡಲಿಲ್ಲ. ಇಂಜಿನಿಯರನ್ನು ಒಮ್ಮೆ ಕೇಳಿದಳು, ಇನ್ನೊಮ್ಮೆ ಕೇಳಿದಳು, ಪುಸ್ತಕ ತೆಗೆದು ಅವನಿಂದ ಚಿತ್ರ ಬರೆಸಿದಳು. ಅವನ ಗಡಿಬಿಡಿಯೂ ತಣ್ಣಗಾಯಿತು. ಕೆಳಗೆ ಕೂತು ಯಂತ್ರದೊಳಗಿನ ಒಂದು ಸಣ್ಣ ತಿರುಪನ್ನು ಅವಳಿಗೆ ಮುಟ್ಟಿ ತೋರಿಸಿದ. ಅವಳು ಎದ್ದು ನಿಂತಳು.

“ದಾರ ಬದಲಾಯಿಸೋ ಮುಂಚೆ ಈ ತಿರುಪು ಬಿಗಿ ಮಾಡಲೇಬೇಕಂತೆ. ಮರೆತ್ರೆ ಸೂಜಿ ಮುರಿದು ಮುಖಕ್ಕೆ ಹಾರುತ್ತಂತೆ. ಎಲ್ಲರೂ ಹತ್ತಿರ ಬಂದು ನೋಡಿ.”

 ಆ ಯಂತ್ರದ ಮುಂದೆ ಕೂರಬೇಕಾದವಳು ತನ್ನ ಕೆನ್ನೆ ಮುಟ್ಟಿಕೊಂಡಳು. ಮ್ಯಾನೇಜರು ಗಡಿಯಾರ ಕಟ್ಟಿದ ಕೈಯನ್ನು ಜೇಬಿಗೆ ಇಳಿಸಿದರು. ಚಪ್ಪಾಳೆ ಯಾರೂ ತಟ್ಟಲಿಲ್ಲ, ಎಲ್ಲರೂ ಆ ತಿರುಪು ನೋಡಲು ಮುಗಿಬಿದ್ದಿದ್ದರು. ಅಮ್ಮ ಮಾತ್ರ ಜನರ ತಲೆಗಳ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಅವರ ಎದೆ ಕಾಲರ್ ಯಂತ್ರ ಬಂದ ದಿನಕ್ಕಿಂತ ಜಾಸ್ತಿ ಉಬ್ಬಿತ್ತೋ ಕಡಿಮೆಯೋ ನನಗೆ ಹೇಳಲಾಗದು. ನನ್ನ ಕಣ್ಣು ಮಂಜಾಗಿತ್ತು. ಚೆಕಿಂಗ್ ಮೇಜಿನ ಹಿಂದೆ ಭೂತಗನ್ನಡಿಗೆ ಹಾಗಾದದ್ದು ಅದೇ ಮೊದಲು.

ಆ ದಿನ ಹೊಸ ಯಂತ್ರದಲ್ಲಿ ಹೊಲಿದ ಮೊದಲ ಅಂಗಿ ನನ್ನ ಮೇಜಿಗೆ ಬಂತು. ಒಳಮೈ ಮೇಲೆ ಮಾಡಿ ತಿರುವಿದೆ. ತೋಳು, ಪಟ್ಟಿ, ಕಂಕುಳು, ಎಲ್ಲವನ್ನೂ ಬೆಳಕಿಗೆ ಹಿಡಿದೆ. ತಂಗಿ ಬಂದು ಎದುರಿಗೆ ನಿಂತಳು, ಬೆವರಿದ್ದಳು.

“ಎಷ್ಟು ಸ್ಟಿಕ್ಕರು?”

“ಅಂಗಿಗೆ ಒಂದೂ ಇಲ್ಲ.”

“ಅಂಗಿ ಹಾಳಾಗ್ಲಿ, ನನಗೆ?”

ಅವಳನ್ನು ಭುಜ ಹಿಡಿದು ತಿರುಗಿಸಿದೆ, ಬೆನ್ನು ನನ್ನ ಕಡೆ ಬರುವಂತೆ. ಎಲ್ಲಿಂದಲೋ ಅಂಟಿದ್ದ ಬಿಳಿಯ ನೂಲಿನ ಎಳೆಯೊಂದು ಜಡೆಯ ತುದಿಯಲ್ಲಿ ನೇತಾಡುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಬಿಡಿಸಿ ಬುಟ್ಟಿಗೆ ಹಾಕಿದೆ.

“ಈಗ ಪಾಸು,” ಎಂದೆ. ಇನ್ನೂರು ಯಂತ್ರಗಳೂ ಮತ್ತೆ ಶುರುವಾಗಿದ್ದವು. ಅವಳಿಗೆ ಕೇಳಲಿ ಎಂದು ನಾನು ಅದನ್ನು ಕೂಗಿಯೇ ಹೇಳಿದ್ದೆ.